ಅಕ್ಕನ ಮಗಳ ಗಂಡ

ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಜಗ್ಗಿ ನೋಡುವ ಜನ ಇರುತ್ತಾರಲ್ಲ, ನಾನು ಆ ಪೈಕಿ. ನಾಲ್ಕನೆಯ ಸಲ ಜಗ್ಗಲೆಂದು ಅರ್ಧ ದಾರಿಯಿಂದ ತಿರುಗಿ ಬಂದದ್ದೂ ಉಂಟು. ರಾಯಚೂರು ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ‘ಸೀಟ್ ಅದಾವ್ರಿ, ಬರ್ರಿ’ ಎಂದರೆ ಮೊದಲು ಕಿಟಕಿಯಲ್ಲಿ ಇಣುಕಿ ಎಣಿಸುತ್ತೇನೆ. ಒಗ್ಗರಣಿ ಅಂಗಡಿಯವನು ‘ಮಿರ್ಚಿ ಈಗ ಕರದದ್ದುರೀ’ ಎಂದರೆ ಬೆರಳಿನಿಂದ ಒತ್ತಿ ನೋಡುತ್ತೇನೆ. ಬೆರಳು ಸುಟ್ಟರೆ ಸಮಾಧಾನ. ನನ್ನ ಹೆಂಡತಿ ಸುಜಾತಾ ಇದನ್ನು ರೋಗ ಎನ್ನುತ್ತಾಳೆ. ಅವಳು ಹಾಗೆ ಏಕೆ ಎನ್ನುತ್ತಾಳೆ ಎಂಬುದರ ಬಗ್ಗೆಯೂ ನನಗೆ ಒಂದು ಸಣ್ಣ ಸಂಶಯ ಇದೆ.

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ಹಾಜರಿ ಪುಸ್ತಕಗಳ ನಡುವಿನಿಂದ ಪಿನ್ನು ಹೊಡೆದ ನಾಲ್ಕು ಹಾಳೆಗಳು ಜಾರಿ ಕೆಳಗೆ ಬಿದ್ದವು. ಮೇಲ್ಗಡೆ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: ‘ಇದು ಯಾರದು?’ ಪ್ರಶ್ನೆಯ ಚಿಹ್ನೆಯನ್ನು ಎಷ್ಟು ಒತ್ತಿ ತಿದ್ದಿದ್ದೆನೆಂದರೆ ಅದರ ಕೆಳಗಿನ ಚುಕ್ಕೆ ಹಾಳೆಯನ್ನು ತೂತು ಮಾಡಿತ್ತು. ಕಪಾಟಿನ ಕೆಲಸ ಅಲ್ಲಿಗೇ ನಿಂತಿತು. ಆ ನಾಲ್ಕು ಹಾಳೆಯ ವಿಷಯ ನಿಮಗೆ ಹೇಳದಿದ್ದರೆ ಅದು ಮುಂದೆ ಸಾಗುವಂತಿಲ್ಲ.

ನಾನು ರಾಯಚೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪೈಲರ್ ವಿಷಯ ಕಲಿಸುತ್ತಿದ್ದವನು. ಕಂಪೈಲರ್ ಅಂದರೇನು, ಇಂಟರ್‌ಪ್ರಿಟರ್ ಅಂದರೇನು ಎಂದು ಯಾರಾದರೂ ಕೇಳಿದರೆ ಪುಸ್ತಕ ತೆಗೆಯುವುದಿಲ್ಲ, ನಮ್ಮಪ್ಪನ ಸಂಗತಿ ಹೇಳುತ್ತೇನೆ. ದೇವದುರ್ಗದಲ್ಲಿ ನಮ್ಮ ಮನೆ ಜಾಗದ ಕಾಗದ ನಿಜಾಮರ ಕಾಲದ್ದು, ಉರ್ದುವಿನಲ್ಲಿತ್ತು. ಅಪ್ಪನಿಗೆ ಕನ್ನಡದಲ್ಲೇ ಸಹಿ ಕಷ್ಟ. ಅವನು ಅದನ್ನು ಒಬ್ಬ ಉರ್ದು ಮಾಸ್ತರರ ಬಳಿ ಒಯ್ದ. ಅವರು ಒಂದು ಸಾಲು ಓದುವುದು, ಅದರ ಅರ್ಥ ಹೇಳುವುದು, ಮುಂದಿನ ಸಾಲು ಓದುವುದು, ಹೀಗೆ ಮಾಡಿದರು. ಅದು ಇಂಟರ್‌ಪ್ರಿಟರ್. ಅಪ್ಪನಿಗೆ ನಂಬಿಕೆ ಬರಲಿಲ್ಲ. ತಹಶೀಲ್ ಕಚೇರಿಯ ಮುಂದೆ ಕೂರುವ ಅರ್ಜಿ ಬರೆಯುವವನಿಗೂ ಕೊಟ್ಟ. ಆತ ಎರಡು ದಿನ ಇಟ್ಟುಕೊಂಡು ಇಡೀ ಕಾಗದವನ್ನು ಕನ್ನಡದಲ್ಲಿ ಬರೆದು ತಂದ. ಅದು ಕಂಪೈಲರ್. ಅಪ್ಪ ಅದನ್ನು ಓದಿಸಿ ಕೇಳಿ ಎರಡನ್ನೂ ತಾಳೆ ನೋಡಿದ. ಒಬ್ಬರು ಬೇವಿನ ಮರ ಜಾಗದ ಮೂಡಣಕ್ಕೆ ಎಂದಿದ್ದರು, ಇನ್ನೊಬ್ಬರು ಪಡುವಣಕ್ಕೆ. ಮರ ಎದುರಿಗೇ ನಿಂತಿತ್ತು. ಅಪ್ಪ ಆದರೂ ಮೂರನೆಯವನನ್ನು ಹುಡುಕಿಕೊಂಡು ಹೋದ. ನನಗೆ ಅವನಿಂದ ಬಂದ ಆಸ್ತಿ ಇದೊಂದೇ ಗುಣ.

ಇನ್ನೂ ಒಂದು ಕಾರಣ ಇದೆ, ಅದನ್ನು ಹೇಳಲು ಸ್ವಲ್ಪ ನಾಚಿಕೆ. ಆರನೆಯ ಇಯತ್ತೆಯಲ್ಲಿ ನಾನು ಪಕ್ಕದ ಹುಡುಗನ ಲೆಕ್ಕ ನಕಲು ಮಾಡಿ ಸಿಕ್ಕಿಬಿದ್ದಿದ್ದೆ. ಉತ್ತರ ಸರಿಯಾಗಿತ್ತು. ಆದರೆ ಅವನು ನಡುವೆ ಒಂದು ಸಾಲು ತಪ್ಪಾಗಿ ಬರೆದು ಅಡ್ಡಗೆರೆ ಎಳೆದಿದ್ದ. ನಾನು ಆ ಸಾಲನ್ನೂ ಬರೆದು, ಅಡ್ಡಗೆರೆಯನ್ನೂ ಎಳೆದಿದ್ದೆ. ಮಾಸ್ತರರು ಎರಡೂ ಪಾಟಿ, ಅಂದರೆ ಸ್ಲೇಟು, ಪಕ್ಕ ಪಕ್ಕ ಇಟ್ಟು ತರಗತಿಗೆ ತೋರಿಸಿದರು. ಅಂದಿನಿಂದ ಜಗತ್ತಿನಲ್ಲಿ ಸರಿಯಾದ ಉತ್ತರ ಕಂಡಾಗಲೆಲ್ಲ ಅದರ ಪಕ್ಕದ ಪಾಟಿ ಎಲ್ಲಿದೆ ಎಂದು ಕಣ್ಣು ಹುಡುಕುತ್ತದೆ.

ಹೀಗಿರುವಾಗ ಎರಡು ವರ್ಷದ ಹಿಂದೆ ಹುಲಿಗೆಮ್ಮ ಆ ನಾಲ್ಕು ಹಾಳೆ ತಂದುಕೊಟ್ಟಳು.

ಹುಲಿಗೆಮ್ಮ ಮಾನ್ವಿಯವಳು. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವ ಹುಡುಗಿ, ಕಿಟಕಿ ಪಕ್ಕದ ಕೊನೆಯ ಬೆಂಚು. ಮಾತು ಕಡಿಮೆ. ಆ ಸಲ ನಾನು ಎಲ್ಲರಿಗೂ ಒಂದು ಸಣ್ಣ ಭಾಷೆ ಕಟ್ಟಿ, ಅದಕ್ಕೆ ಇಂಟರ್‌ಪ್ರಿಟರ್ ಬರೆದು ತನ್ನಿ ಎಂದಿದ್ದೆ. ಉಳಿದವರೆಲ್ಲ ನಾನು ವರ್ಷಗಟ್ಟಲೆ ಕಲಿಸುತ್ತ ಬಂದ ಸಿ ಭಾಷೆಯಲ್ಲಿ ಬರೆದು, ಅರವತ್ತು ಎಪ್ಪತ್ತು ಪುಟ ಬೈಂಡ್ ಮಾಡಿಸಿ ತಂದಿದ್ದರು. ಎಲ್ಲರ ಭಾಷೆಯೂ ಕೂಡಿಸುವುದು ಕಳೆಯುವುದು ಮಾಡುತ್ತಿತ್ತು. ಅರ್ಧಕ್ಕರ್ಧ ಪುಟ ಕಂಪ್ಯೂಟರಿನಿಂದ ನೆನಪಿನ ಜಾಗ ಕೇಳಿ ಪಡೆಯುವುದಕ್ಕೆ, ಮತ್ತೆ ಮರಳಿಸುವುದಕ್ಕೆ ಖರ್ಚಾಗಿರುತ್ತಿತ್ತು. ಕೈಯಲ್ಲಿ ಹಿಡಿದರೆ ತೂಕ ಇರುತ್ತಿತ್ತು. ತೂಕ ಇದ್ದದ್ದನ್ನು ನಾನು ಅಷ್ಟಾಗಿ ಸಂಶಯಿಸುವುದಿಲ್ಲ.

ಇವಳದು ನಾಲ್ಕೇ ಹಾಳೆ. ಅದೂ ನಾನು ಕಲಿಸದ, ಫಂಕ್ಷನಲ್ ಎಂದು ಕರೆಯುವ ಜಾತಿಯ ಒಂದು ಭಾಷೆಯಲ್ಲಿ. ಸುತ್ತುವ ಲೂಪ್ ಇಲ್ಲ. ಒಂದು ಹೆಸರಿನಲ್ಲಿಟ್ಟ ಬೆಲೆಯನ್ನು ಆಮೇಲೆ ಬದಲಿಸಿದ ಒಂದು ಸಾಲೂ ಇಲ್ಲ. ಕೂಡಿಸುವುದು ಕಳೆಯುವುದು ಕೂಡ ಇಲ್ಲ. ಅವಳು ಕಟ್ಟಿದ್ದು ಬೀಗರು ನೆಂಟರ ಭಾಷೆ. ‘ಅವ್ವನ ಅಣ್ಣನ ಮಗಳು’ ಎಂದು ಟೈಪ್ ಮಾಡಿದರೆ ಅವಳು ನಿನಗೆ ಏನಾಗಬೇಕು ಎಂದು ಹೇಳಬೇಕು, ಅಷ್ಟೇ. ಕೇಳುವವರು ಗಂಡೋ ಹೆಣ್ಣೋ ಎಂದು ಮೊದಲೇ ವಿಚಾರಿಸುತ್ತಿತ್ತು, ಏಕೆಂದರೆ ಅಕ್ಕನ ಮಗಳು ಹೆಣ್ಣಿಗೆ ಮಗಳು, ಗಂಡಿಗೆ ಸೊಸೆ. ಇಷ್ಟು ಮುಂದಾಲೋಚನೆ ಕೊನೆಯ ಬೆಂಚಿನಿಂದ ಬರುವುದೇ? ಅಂತರ್ಜಾಲದಲ್ಲಿ ಹುಡುಕಿದೆ, ಸಿಗಲಿಲ್ಲ. ಸಿಗದಿದ್ದದ್ದು ನನ್ನ ಸಂಶಯವನ್ನು ಇನ್ನೂ ಬಲಗೊಳಿಸಿತು. ಈಗಂತೂ ಕೇಳಿದ್ದನ್ನು ಬರೆದುಕೊಡುವ ಯಂತ್ರಗಳೇ ಬಂದಿವೆ. ಪಕ್ಕದ ಪಾಟಿ ಈಗ ಕಣ್ಣಿಗೇ ಬೀಳುವುದಿಲ್ಲ.

ಗುರುವಾರ ತರಗತಿಯಲ್ಲಿ ಅವಳನ್ನು ಹೆಸರು ಹಿಡಿದು ಎಬ್ಬಿಸಿದೆ.

“ಹುಲಿಗೆಮ್ಮ, ಇದನ್ನ ಎಲ್ಲಿಂದ ತಂದಿ?”

“ತಂದಿಲ್ರಿ ಸರ್. ಬರದೀನ್ರಿ.”

“ನಾಲ್ಕ ಹಾಳ್ಯಾಗ?”

“ಇಷ್ಟಕ್ಕ ಮುಗೀತ್ರಿ ಸರ್.”

“ಒಮ್ಮೆ ಇಟ್ಟದ್ದು ಬದಲಾಗಂಗೇ ಇಲ್ಲ ಅಂದ್ರ ಇದರಾಗ ಕೆಲಸ ಹ್ಯಾಂಗ ಆಗತದ?”

ತರಗತಿ ನಕ್ಕಿತು. ನಗಲಿ ಎಂದೇ ನಾನು ಕೇಳಿದ್ದು. ಆ ನಗು ನಿಲ್ಲುವ ತನಕ ಅವಳು ಕಾದಳು.

“ಇದರಾಗ ‘ಇದು ಅಂದ್ರ ಇದು’ ಅಂತ ಒಮ್ಮೆ ಹೇಳಿದ್ರ ಮುಗೀತ್ರಿ. ಆಮ್ಯಾಲೆ ಯಾರೂ ಅದನ್ನ ಬ್ಯಾರೆ ಮಾಡಾಕ ಬರಂಗಿಲ್ಲ. ಹಳೇದು ಹಂಗ ಇರತದ, ಹೊಸಾದು ಹುಟ್ಟತದ. ನನ್ ತಂಗಿಗೆ ಮಗಳು ಹುಟ್ಟಿದ್ರ ನಾ ದೊಡ್ಡವ್ವ ಆಗತೀನಿ ಖರೆ, ತಂಗಿ ತಂಗಿನೇ ಇರತಾಳಲ್ರಿ.”

ಈಗ ಯೋಚಿಸಿದರೆ ನನ್ನಂಥ ಸಂಶಯದ ಪ್ರಾಣಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ಸಿ ಭಾಷೆಯಲ್ಲಿ ಒಂದು ಹೆಸರಿನಲ್ಲಿಟ್ಟ ಬೆಲೆಯನ್ನು ಎಲ್ಲಿಂದಲೋ ಯಾರೋ ಬಂದು ಬದಲಿಸಿ ಹೋಗಬಹುದು. ಯಾರು ಬದಲಿಸಿದರು ಎಂದು ತನಿಖೆ ಮಾಡುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಬದಲಿಸಲು ಬಾರದ ಭಾಷೆಯೊಂದು ಇದೆ ಎಂದರೆ ನಾನು ಓಡಿಹೋಗಿ ಅಪ್ಪಿಕೊಳ್ಳಬೇಕಿತ್ತು. ಆದರೆ ಆ ದಿನ ನನಗೆ ಕೇಳಿಸಿದ್ದು ಒಂದೇ: ಹುಡುಗಿ ಚೆನ್ನಾಗಿ ಪಾಠ ಮಾಡಿಕೊಂಡು ಬಂದಿದ್ದಾಳೆ. “ಇದು ನಿಂದಲ್ಲ,” ಎಂದೆ. “ಬರದವರು ಯಾರಂತ ನೀನಾಗೇ ಹೇಳಿದ್ರ ಛಲೋ.” ಅವಳು ಕುಳಿತಳು.

ಮರುದಿನ ವಿಭಾಗದ ಮುಖ್ಯಸ್ಥರಿಗೆ ಬರೆದುಕೊಟ್ಟೆ. ಸಮಿತಿಯ ಮುಂದೆ ನಕಲು ಎಂದು ತೀರ್ಮಾನವಾದರೆ ಆ ವಿಷಯ ಅವಳಿಗೆ ಹೋದಂತೆ, ಒಂದು ವರ್ಷವೂ ಹೋದಂತೆ. ಸೋಮವಾರ ತಾಯಿಯನ್ನು ಕರೆದುಕೊಂಡು ಬಾ ಎಂದು ಅವಳಿಗೆ ಹೇಳಿ ಕಳಿಸಿದರು.

ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ. ಆ ನಾಲ್ಕು ಹಾಳೆಯನ್ನು ನನಗೆ ಓದಲು ಬರುತ್ತಿರಲಿಲ್ಲ. ಕಂಪೈಲರ್ ಕಟ್ಟುವುದಕ್ಕೆ ಫಂಕ್ಷನಲ್ ಭಾಷೆ ಹೇಳಿ ಮಾಡಿಸಿದ್ದು ಎಂದು ಎಷ್ಟೋ ಸಲ ಕೇಳಿದ್ದೆ. ಹೇಳಿದವರ ಮೇಲೆ ಸಂಶಯಪಟ್ಟು ಸುಮ್ಮನಿದ್ದೆ. ನಾನು ಪಾಸು ಮಾಡಿದ ಅರವತ್ತು ಪುಟಗಳ ವರದಿಗಳನ್ನು ಓದಲು ಬರುತ್ತಿತ್ತು, ಆದರೆ ಓದಿರಲಿಲ್ಲ. ಓದಲು ಬಾರದ್ದನ್ನು ಮಾತ್ರ ಓದಬೇಕೆಂದು ಹಟ ಹುಟ್ಟಿತು, ಅದೂ ಅವಳನ್ನು ಹಿಡಿಯುವುದಕ್ಕೆ.

ಭಾನುವಾರ ದೇವದುರ್ಗದಲ್ಲಿ ಅಕ್ಕನ ಮನೆಗೆ ಹೋಗುವುದಿತ್ತು. ಹುಲಿಗೆಮ್ಮ ಹಾಳೆಯ ಜೊತೆ ಕೊಟ್ಟಿದ್ದ ಪ್ರೋಗ್ರಾಂ ಇದ್ದ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಬಸ್ ಹತ್ತಿದೆ. ಗಬ್ಬೂರು ದಾಟುವ ತನಕ ಹಾಳೆ ನೋಡಿದೆ, ಏನೂ ತಲೆಗೆ ಹತ್ತಲಿಲ್ಲ.

ನನ್ನ ಅಕ್ಕ ಭೀಮವ್ವ ನನಗಿಂತ ಹದಿನೈದು ವರ್ಷ ದೊಡ್ಡವಳು. ನಾಟಿ ಕೆಲಸಕ್ಕೆ ಹೋಗಿ ನನ್ನನ್ನು ಓದಿಸಿದವಳು. ನಮ್ಮ ಬಳಗದಲ್ಲಿ ಯಾರಿಗೆ ಯಾರು ಏನಾಗಬೇಕು ಎಂಬುದರಲ್ಲಿ ಅವಳ ಮಾತೇ ಕೊನೆ. ರೊಟ್ಟಿ, ಪುಂಡಿಪಲ್ಲೆ ಉಂಡಾದ ಮೇಲೆ ಲ್ಯಾಪ್‌ಟಾಪ್ ತೆರೆದು ಸಂಗತಿ ಹೇಳಿದೆ.

“ಗೂಗಲ್‌ನ್ಯಾಗ ಹುಡುಕಿ ನೋಡೀನಿ ಅಕ್ಕ, ಸಿಗಲಿಲ್ಲ,” ಎಂದೆ.

“ಗೂಗಲ್‌ನ್ಯಾಗ ಯಾರನ್ನ ಕೇಳಿದಿ?” ಎಂದಳು ಅಕ್ಕ. ಅವಳ ಪಾಲಿಗೆ ಗೂಗಲ್ ಎಂದರೆ ಕೃಷ್ಣೆಯ ದಂಡೆಯ ಊರು, ಅಲ್ಲಮಪ್ರಭುವಿನ ಗುಡಿ, ಮತ್ತು ನಮ್ಮ ಅವ್ವನ ಕಡೆಯ ನಾಲ್ಕು ಮನೆ. “ಬಸಪ್ಪ ಕಾಕಾನ್ನ ಕೇಳಬೇಕಿತ್ತು.”

“ಬಸಪ್ಪ ಕಾಕಾ ನಮಗ ಹ್ಯಾಂಗ ಕಾಕಾ?”

“ಅವ್ವನ ಅಪ್ಪನ ತಂಗಿ ಮಗ.”

ಅದನ್ನೇ ಟೈಪ್ ಮಾಡಿದೆ. ಪರದೆಯ ಮೇಲೆ ‘ಕಾಕಾ’, ಅಂದರೆ ಚಿಕ್ಕಪ್ಪ, ಎಂದು ಬಂತು. ಅಕ್ಕ ಪರದೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿದಳು.

“ಇದಕ್ಕ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಅವ್ವನ ಅಪ್ಪ ಯಾರು ಅಂತ ಮೊದಲ ತಿಳಕೊಂತದ, ಆಮ್ಯಾಲೆ ಅವನ ತಂಗಿ ಯಾರು ಅಂತ, ಆಮ್ಯಾಲೆ ಆಕಿ ಮಗ.”

“ನಾನೂ ಹಂಗೇ ಹೇಳದು. ಅದರಾಗೇನು?”

ಕಂಪೈಲರ್ ಪಾಠದಲ್ಲಿ ನಾನು ಮೂರು ವಾರ ತೆಗೆದುಕೊಳ್ಳುತ್ತಿದ್ದ ವಿಷಯ ಅದು: ದೊಡ್ಡ ಮಾತನ್ನು ಒಳಗಿನ ಸಣ್ಣ ಮಾತಾಗಿ ಒಡೆದು, ಸಣ್ಣದರ ಅರ್ಥದಿಂದ ದೊಡ್ಡದರ ಅರ್ಥ ಕಟ್ಟುವುದು. ಹುಲಿಗೆಮ್ಮನ ಹಾಳೆಯನ್ನು ಮತ್ತೆ ನೋಡಿದೆ. ಅದರಲ್ಲೂ ಅಷ್ಟೇ ಇತ್ತು. ‘ಅವ್ವನ ಅಣ್ಣ ಅಂದರೆ ಮಾವ’, ‘ಅಪ್ಪನ ಅಕ್ಕ ಅಂದರೆ ಅತ್ತೆ’, ಹೀಗೆ ಒಂದರ ಕೆಳಗೊಂದು ಸಾಲು. ನಾನು ಅಲ್ಲಿಯವರೆಗೆ ಕಠಿಣವಾದದ್ದನ್ನು ಹುಡುಕುತ್ತಿದ್ದುದರಿಂದ ಸರಳವಾದದ್ದು ಕಂಡಿರಲಿಲ್ಲ.

ಆದರೂ ಸೋಲಲು ಮನಸ್ಸಿಲ್ಲ. ಇಡೀ ಮಧ್ಯಾಹ್ನ ಅಕ್ಕ ಹೇಳುವುದು, ನಾನು ಟೈಪ್ ಮಾಡುವುದು. ಒಂದೂ ತಪ್ಪಲಿಲ್ಲ. ಕೊನೆಗೆ ನನಗೇ ಒಂದು ಹೊಳೆಯಿತು. ಗಂಡು ಎಂದು ಒತ್ತಿ ‘ಅಕ್ಕನ ಮಗಳ ಗಂಡ’ ಎಂದು ಹಾಕಿದೆ. ‘ಮಗ’ ಎಂದು ಬಂತು.

ಲೆಕ್ಕದ ಪ್ರಕಾರ ಸರಿಯೇ. ಗಂಡಿಗೆ ಅಕ್ಕನ ಮಗಳು ಸೊಸೆ, ಸೊಸೆಯ ಗಂಡ ಮಗ. ಆದರೆ ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇದೆ. ಸುಜಾತಾ ಈ ಭೀಮವ್ವನ ಮಗಳೇ. ನನ್ನ ಅಕ್ಕನ ಮಗಳ ಗಂಡ ನಾನೇ. ಯಂತ್ರ ನನ್ನನ್ನು ನನಗೇ ಮಗನನ್ನಾಗಿ ಮಾಡಿತ್ತು.

ಅಕ್ಕನಿಗೆ ಓದಿ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನಕ್ಕಳು. ನಾನು ಬೇರೆಯ ಸಂತೋಷದಲ್ಲಿದ್ದೆ. ತಪ್ಪು ಸಿಕ್ಕಿತ್ತು. ತಾನೇ ಬರೆದಿದ್ದರೆ ಇದು ಹುಲಿಗೆಮ್ಮನಿಗೆ ಹೊಳೆಯಬೇಕಿತ್ತು, ಮಾನ್ವಿಯಲ್ಲಿ ಇಂಥ ಮದುವೆಗಳೇನು ಕಡಿಮೆಯೇ? ಬರೆದವರು ಈ ಕಡೆಯವರಲ್ಲ ಎಂದು ತೀರ್ಮಾನಿಸಿದೆ.

ಸೋಮವಾರ ಮುಖ್ಯಸ್ಥರ ಕೋಣೆಯಲ್ಲಿ ಹುಲಿಗೆಮ್ಮ ತಾಯಿಯ ಜೊತೆ ನಿಂತಿದ್ದಳು. ತಾಯಿ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆ. ಆ ದಿನ ಬೇರೆಯವರಿಗೆ ಒಲೆ ಒಪ್ಪಿಸಿ ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನಗ ಇದು ತಿಳಿಯಂಗಿಲ್ರಿ ಸಾಹೇಬ್ರ,” ಎಂದಳು. “ಈಕಿ ಎರಡು ತಿಂಗಳಿಂದ ಮನಿಗಿ ಬಂದವರನ್ನೆಲ್ಲಾ ಕುಂದರಿಸಿ, ನಿಮಗ ಅವರು ಏನಾಗಬೇಕು, ಇವರು ಏನಾಗಬೇಕು ಅಂತ ಕೇಳಿ ಬರಕೊಳ್ಳಾಕತ್ತಾಳ. ಯಾರನ್ನರ ಮದಿವಿ ಆಗಬೇಕಂತ ಮಾಡ್ಯಾಳೇನೋ, ವರಸಿ ಹೊಂದತದೋ ಇಲ್ಲೋ ನೋಡಾಕತ್ತಾಳೇನೋ ಅಂತ ನನಗೂ ಸಂಶಯ ಬಂದಿತ್ತು. ನಾನೂ ಆಕಿನ್ನ ಬೈದೀನ್ರಿ.”

ಮುಖ್ಯಸ್ಥರು ನನ್ನ ಕಡೆ ನೋಡಿದರು. ನನಗೆ ಆ ತಾಯಿಯ ಮಾತು ಎದೆಗೆ ತಾಗಿತು, ಆದರೆ ತೋರಿಸಿಕೊಳ್ಳಲಿಲ್ಲ. ಎಲ್ಲರೂ ಪಕ್ಕದ ಲ್ಯಾಬಿಗೆ ಹೋದೆವು. ಅವಳು ಕೂರುವ ಕಂಪ್ಯೂಟರಿನ ಹಿಂದಿನಿಂದ ಇಂಟರ್‌ನೆಟ್ ವೈರನ್ನು ನಾನೇ ಕಿತ್ತೆ. ಅವಳ ಮೊಬೈಲನ್ನು ಮೇಜಿನ ಮೇಲೆ ಇಡಿಸಿದೆ. ನಂತರ ಆ ಮೂರು ಪದ ಟೈಪ್ ಮಾಡಿ, ‘ಮಗ’ ಎಂದು ಬಂದದ್ದನ್ನು ಬೆರಳಿಟ್ಟು ತೋರಿಸಿದೆ.

“ಇದು ಸರಿ ಅದೇನು?”

“ಸರಿ ಅದರಿ ಸರ್.”

“ಅಕ್ಕನ ಮಗಳನ್ನ ಮಾಡಿಕೊಂಡವರಿಗೆ?”

ಅವಳು ಪರದೆಗೆ ಬಗ್ಗಿ ಆ ಮೂರು ಪದ ಮತ್ತೆ ಓದಿದಳು. ಆಮೇಲೆ ತನ್ನಷ್ಟಕ್ಕೆ, “ಹೌದಲ್ರಿ, ಎರಡು ಆಗತಾವು,” ಎಂದಳು. “ನಾ ಒಂದೇ ಉತ್ತರ ಬರತದ ಅಂತ ತಿಳಕೊಂಡಿದ್ದೆ. ಒಂದು ಮಾತಿಗಿ ಎರಡು ಉತ್ತರ ಇರಬಹುದು. ಎಲ್ಲಾ ಕಡಿ ಒಂದರ ಬದಲಿ ಪಟ್ಟಿ ಕೊಡೋಹಂಗ ಮಾಡಬೇಕು.”

“ಮಾಡು.”

ಮೊದಲ ಸಾಲಿನಲ್ಲಿ ಒಂದು ಕಡೆ ತಿದ್ದಿದಳು. ಅವಳು ಬರೆದ ಭಾಷೆಯ ಕಂಪೈಲರ್ ಕೂಡಲೇ ಅಡ್ಡ ನಿಂತಿತು: ಇಲ್ಲಿ ಪಟ್ಟಿ ಬರುತ್ತಿದೆ, ನೀನು ಒಂದನ್ನು ನಿರೀಕ್ಷಿಸುತ್ತಿದ್ದೀಯ. ಅದನ್ನು ತಿದ್ದಿದಳು. ಮುಂದಿನ ಜಾಗ ತೋರಿಸಿತು. ಅದನ್ನೂ ತಿದ್ದಿದಳು. ಆ ಕಂಪೈಲರ್ ನಮ್ಮಪ್ಪನ ಹಾಗೆ ಯಾವ ಮಾತನ್ನೂ ನಂಬದೆ ಪ್ರತಿಯೊಂದನ್ನೂ ತಾಳೆ ನೋಡುತ್ತಿತ್ತು. ಉತ್ತರವನ್ನು ಅದೇ ಹೇಳಿಕೊಡುತ್ತಿದೆಯೇ ಎಂಬ ಸಂಶಯ ನನಗೆ ಬಂತು, ಬಗ್ಗಿ ನೋಡಿದೆ. ಇಲ್ಲ. ಅದು ತಪ್ಪಿದ ಜಾಗ ತೋರಿಸುತ್ತಿತ್ತು, ಸರಿಪಡಿಸುತ್ತಿದ್ದವಳು ಇವಳು. ಮನೆಯ ಕತ್ತಲಲ್ಲೂ ಡಬ್ಬಿ ಎಲ್ಲಿವೆ ಎಂದು ಬಲ್ಲವರ ಹಾಗೆ ಅವಳ ಬೆರಳುಗಳು ಸಾಲಿನಿಂದ ಸಾಲಿಗೆ ಹೋಗುತ್ತಿದ್ದವು. ಒಂದು ಕಡೆ ಮಾತ್ರ ತಡೆದಳು, ಸೊಸೆ ಎಂಬಲ್ಲಿ ಹೆಂಡತಿ ಎಂದೂ ಸೇರಿಸಿದಳು. ಕಂಪೈಲರ್ ಸುಮ್ಮನಾಯಿತು.

ಮತ್ತೆ ಅದೇ ಮೂರು ಪದ ಹಾಕಿದಳು. ‘ಮಗ, ಇಲ್ಲಾಂದ್ರ ನೀವೇ’ ಎಂದು ಬಂತು.

“ಇದು ನಿಮಗ ಹ್ಯಾಂಗ ಹೊಳೀತ್ರಿ ಸರ್?” ಎಂದು ಕೇಳಿದಳು. ಆ ದಿನ ಅವಳು ನನಗೆ ಕೇಳಿದ ಒಂದೇ ಪ್ರಶ್ನೆ. ಅದರಲ್ಲಿ ಕೊಂಕಿರಲಿಲ್ಲ, ತಿಳಿಯುವ ಆಸೆ ಇತ್ತು.

“ನನ್ನ ಹೆಂಡತಿ ನನ್ನ ಅಕ್ಕನ ಮಗಳು,” ಎಂದೆ.

ತಾಯಿ ಸೆರಗು ಸರಿಮಾಡಿಕೊಂಡು ಮೊದಲ ಸಲ ಕುರ್ಚಿಯ ಮೇಲೆ ಕುಳಿತಳು.

ಅವರು ಹೊರಗೆ ಹೋದ ಮೇಲೆ ದೂರು ವಾಪಸು ಪಡೆಯುತ್ತೇನೆ ಎಂದು ಮುಖ್ಯಸ್ಥರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಮಲ್ಲಪ್ಪ ಸರ್, ಆ ಹುಡುಗಿ ನಿಮಗೇನರ ಆಗಬೇಕೇನ್ರಿ?” ಎಂದರು.

ಶುಕ್ರವಾರ ದೂರು ಕೊಟ್ಟವನು ಸೋಮವಾರ ಹಿಂದೆಗೆದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಅವರ ಜಾಗದಲ್ಲಿದ್ದರೆ ನಾನು ಇನ್ನೂ ಮೊದಲೇ ಕೇಳುತ್ತಿದ್ದೆ. “ಆಕಿ ಪ್ರೋಗ್ರಾಂಗ ಹಾಕಿ ಕೇಳಿದ್ರ ಏನರ ಒಂದು ಆಗೇ ಆಗತಾಳ್ರಿ,” ಎಂದೆ. ಅವರು ನಗಲಿಲ್ಲ. ಲಿಖಿತವಾಗಿ ಕಾರಣ ಕೇಳಿದರು. ಅಲ್ಲೇ ಕುಳಿತು ಬರೆದೆ: ‘ಈ ಪ್ರೋಗ್ರಾಂ ಬರೆದ ಭಾಷೆ ನನಗೆ ಓದಲು ಬರುತ್ತಿರಲಿಲ್ಲ. ಆದ್ದರಿಂದ ನಕಲು ಎಂದು ಭಾವಿಸಿದೆ.’

ಅವರು ಎರಡು ಸಲ ಓದಿದರು. “ಇದನ್ನ ಫೈಲಿನ್ಯಾಗ ಇಟ್ರ ನಾಳೆ ನಿಮಗ ಆ ವಿಷಯ ಯಾರು ಕೊಡತಾರ್ರಿ? ತಾಂತ್ರಿಕ ಕಾರಣ ಅಂತ ಬರೀರಿ ಸಾಕು.”

ನನಗೂ ಒಂದು ಕ್ಷಣ ಹಾಗೆ ಮಾಡುವ ಮನಸ್ಸಾಯಿತು. ಪೆನ್ನು ತೆಗೆದುಕೊಂಡೆ ಕೂಡ. ಆಮೇಲೆ ಆ ತಾಯಿ ಮಗಳನ್ನು ಬೈದದ್ದು ನೆನಪಾಯಿತು. ಬರೆದದ್ದು ಹಾಗೇ ಇರಲಿ ಎಂದೆ. ಮುಂದಿನ ವರ್ಷ ಆ ವಿಷಯ ಬೇರೊಬ್ಬರ ಪಾಲಾಯಿತು. ಅದಕ್ಕೂ ಆ ಕಾಗದಕ್ಕೂ ಸಂಬಂಧವಿಲ್ಲ ಎಂದು ಅವರು ಹೇಳಿದರು. ನಂಬಲು ಪ್ರಯತ್ನಿಸುತ್ತಿದ್ದೇನೆ.

ಸಂಜೆ ಕಾಲೇಜಿನ ಗೇಟಿನ ಹತ್ತಿರ ಹುಲಿಗೆಮ್ಮ ಸಿಕ್ಕಳು. ತಾಯಿ ತುಸು ಮುಂದೆ ಆಟೋ ಕೇಳುತ್ತಿದ್ದಳು.

“ನಂದು ತಪ್ಪಾತು ನೋಡು,” ಎಂದೆ. “ದೂರು ವಾಪಸ್ ತಗೊಂಡೀನಿ. ಮನಸ್ಸಿನ್ಯಾಗ ಇಟಗೋಬ್ಯಾಡ.”

ಅವಳು ತಲೆಯಾಡಿಸಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನಿಧಾನವಾಗಿ ಹೇಳಿದಳು: “ಅವತ್ತ ಕ್ಲಾಸಿನ್ಯಾಗ ಅಂದಿದ್ರಿ ಸರ್. ಇದನ್ನೂ ಕ್ಲಾಸಿನ್ಯಾಗ ಹೇಳ್ರಿ.”

ಆಮೇಲೆ ತಾಯಿಯ ಹಿಂದೆ ಹೋದಳು. ಒಂದೆರಡು ದಿನ ನನಗೆ ಆ ಮಾತು ಅತಿಯಾಯಿತು ಎನ್ನಿಸಿತು. ಮನೆಯಲ್ಲಿ ಹೇಳಿಕೊಂಡರೆ ಸುಜಾತಾ, “ಆಕಿ ಕೇಳಿದ್ದರಾಗ ತಪ್ಪೇನದ?” ಎಂದು ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು. ಪಕ್ಷ ವಹಿಸಬೇಕಾದವಳು ಹೀಗೆನ್ನುವುದೇ ಎಂದು ಸಿಟ್ಟು ಬಂತು.

ಗುರುವಾರ ತರಗತಿಗೆ ಹೋದೆ. ಹಾಜರಿ ಕರೆದು, ಪುಸ್ತಕ ಮುಚ್ಚಿ, ಮೇಜಿನ ಮುಂದೆ ಬಂದು ನಿಂತೆ. “ಹೋದ ವಾರ ಇಲ್ಲಿ ನಿಮ್ಮೊಳಗ ಒಬ್ಬರಿಗೆ ನಕಲು ಮಾಡೀದಿ ಅಂದಿದ್ದೆ. ಅದು ಸುಳ್ಳು. ಅವರು ಬರದದ್ದನ್ನ ಓದಾಕ ನನಗ ಬರಲಿಲ್ಲ, ಅದಕ್ಕ ಹಂಗಂದೆ. ಆ ನಾಲ್ಕು ಹಾಳಿ ನಾ ಇಷ್ಟು ವರ್ಷದಾಗ ನೋಡಿದ್ದರೊಳಗ ಎಲ್ಲಕ್ಕಿಂತ ಛಲೋ ಕೆಲಸ. ನನ್ನಿಂದ ತಪ್ಪಾಗ್ಯದ.”

ಮುಗಿಯಿತು ಎಂದುಕೊಂಡು ಬೋರ್ಡಿನ ಕಡೆ ತಿರುಗುವುದರಲ್ಲಿದ್ದೆ, ಕೊನೆಯ ಬೆಂಚಿನಲ್ಲಿ ಹುಲಿಗೆಮ್ಮ ಎದ್ದು ನಿಂತಳು.

“ಹೆಸರು ಹೇಳಲಿಲ್ರಿ ಸರ್.”

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಐವತ್ತು ಜನ ನನ್ನನ್ನೇ ನೋಡುತ್ತಿದ್ದರು.

“ಹುಲಿಗೆಮ್ಮ,” ಎಂದೆ. “ಬರದಾಕಿ ಮಾನ್ವಿಯ ಹುಲಿಗೆಮ್ಮ.”

ಆಗ ಅವಳು ಕುಳಿತಳು.